ಸೇನಾನಿಯ ಸಲಹೆ, ಶಸ್ತ್ರ ವ್ಯಾಪಾರಿಯ ಸಂಬಳ

2002ರ ಆಗಸ್ಟ್ 26ರಂದು ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾಜಿ ಯೋಧರ ಸಮಾವೇಶವೊಂದು ನಡೆಯಿತು. ಅಂದಿನ ಉಪಾಧ್ಯಕ್ಷ ಡಿಕ್ ಚೆನಿ ಅಲ್ಲಿ ಮುಖ್ಯ ಭಾಷಣಕಾರ. ಸದ್ದಾಂ ಹುಸೇನ್ ಬಳಿ ಸಮೂಹನಾಶಕ ಅಸ್ತ್ರಗಳಿವೆಯೆಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲವೆಂದು ಚೆನಿ ಘೋಷಿಸಿದರು. ಸಭೆ ಕೈ ತಟ್ಟಿತು. ಅದೇ ವೇದಿಕೆಯಲ್ಲಿ, ಸಂಘಟನೆಯ ಪ್ರಶಸ್ತಿ ಸ್ವೀಕರಿಸಲೆಂದು ಬಂದು ಕುಳಿತಿದ್ದ ನಿವೃತ್ತ ಸೇನಾಧಿಕಾರಿಯೊಬ್ಬರು ಈ ಮಾತು ಕೇಳಿ ದಂಗಾದರು. ಆತ ಎರಡು ವರ್ಷಗಳ ಹಿಂದಿನವರೆಗೂ ಮಧ್ಯಪ್ರಾಚ್ಯದಲ್ಲಿರುವ ಅಮೆರಿಕದ ಸಕಲ ಪಡೆಗಳ ದಂಡನಾಯಕರಾಗಿದ್ದವರು. ನಿವೃತ್ತಿಯ ಬಳಿಕವೂ ಗುಪ್ತಚರ ಸಂಸ್ಥೆ ಸಿಐಎಗೆ ಇರಾಕ್ ವಿಷಯದಲ್ಲಿ ಸಲಹೆ ನೀಡುತ್ತಿದ್ದುದರಿಂದ ರಹಸ್ಯ ಕಡತಗಳನ್ನು ನೋಡುವ ಅಧಿಕಾರ ಅವರಿಗಿತ್ತು. ಚೆನಿ ಹೇಳಿದ್ದಕ್ಕೆ ಆಧಾರವಾಗಬಲ್ಲ ಒಂದು ಕಾಗದವನ್ನೂ ತಾನು ಕಂಡಿರಲಿಲ್ಲವೆಂದು ಅವರು ಮುಂದೆ ಹಲವು ಬಾರಿ ಬಹಿರಂಗವಾಗಿ ಹೇಳಿದರು.

ಅವರ ಹೆಸರು ಜನರಲ್ ಆ್ಯಂಟನಿ ಝಿನ್ನಿ. ಇರಾಕ್ ಯುದ್ಧದ ಬಗ್ಗೆ ನಾವು ಬರೆಯುವಾಗ ಬುಶ್, ಚೆನಿ, ರಮ್ಸ್‌ಫೆಲ್ಡ್ ಎಂಬ ಮೂರು ಹೆಸರುಗಳ ಸುತ್ತಲೇ ಸುತ್ತುತ್ತೇವೆ. ಅದು ಸುಲಭ. ಖಳನಾಯಕರ ಬಗ್ಗೆ ಬರೆಯಲು ಹೆಚ್ಚು ಯೋಚಿಸಬೇಕಾಗಿಲ್ಲ. ಆದರೆ ಈ ಬಾರಿ ನಾವು ಒಬ್ಬ ಒಳ್ಳೆಯ ಮನುಷ್ಯನ ಬಗ್ಗೆ ಬರೆಯಬಯಸಿದ್ದೇವೆ. ಯುದ್ಧ ಮತ್ತು ವ್ಯಾಪಾರದ ನಡುವಿನ ನಂಟು ಎಷ್ಟು ಆಳಕ್ಕಿಳಿದಿದೆಯೆಂಬುದು ಕೆಟ್ಟವರ ಜೀವನದಿಂದಲ್ಲ, ಒಳ್ಳೆಯವರ ಜೀವನದಿಂದಲೇ ಸ್ಪಷ್ಟವಾಗುತ್ತದೆ.

ಝಿನ್ನಿ 1943ರಲ್ಲಿ ಫಿಲಡೆಲ್ಫಿಯಾದಲ್ಲಿ, ಇಟಲಿಯಿಂದ ವಲಸೆ ಬಂದ ಶ್ರಮಜೀವಿ ಕುಟುಂಬವೊಂದರಲ್ಲಿ ಜನಿಸಿದರು. ವಿಲನೋವಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, 1965ರಲ್ಲಿ ಮೆರೈನ್ ಪಡೆ ಸೇರಿದರು. ವಿಯೆಟ್ನಾಂಗೆ ಎರಡು ಬಾರಿ ಹೋದರು. ಮೊದಲ ಬಾರಿ ಅವರ ಕೆಲಸ ಅಲ್ಲಿನ ಸ್ಥಳೀಯ ಪಡೆಗಳಿಗೆ ಸಲಹೆ ನೀಡುವುದಾಗಿತ್ತು. ಹಾಗಾಗಿ ಸ್ಥಳೀಯರ ಭಾಷೆ ಕಲಿತರು, ಅವರ ಹಳ್ಳಿಗಳಲ್ಲಿ ಉಂಡರು, ಮಲಗಿದರು. ಯುದ್ಧವನ್ನು ಹೆಲಿಕಾಪ್ಟರ್‌ನ ಕಿಟಕಿಯಿಂದ ನೋಡುವುದಕ್ಕೂ ಗುಡಿಸಲಿನ ಬಾಗಿಲಿನಿಂದ ನೋಡುವುದಕ್ಕೂ ಇರುವ ಅಂತರ ಆಗಲೇ ಅವರಿಗೆ ತಿಳಿಯಿತು. 1970ರಲ್ಲಿ ಎರಡನೆಯ ಬಾರಿ ಹೋದಾಗ ಗುಂಡೇಟು ತಿಂದು ಮರಳಿದರು.

ಮುಂದಿನ ಅವರ ಸೇವಾವಧಿಯ ಬಹುಭಾಗ ಮುಸ್ಲಿಮ್ ಜಗತ್ತಿನಲ್ಲೇ ಕಳೆಯಿತು. 1991ರಲ್ಲಿ ಸದ್ದಾಂ ಪಡೆಗಳಿಗೆ ಹೆದರಿ ತುರ್ಕಿಯ ಗಡಿಯ ಹಿಮಪರ್ವತಗಳಿಗೆ ಓಡಿದ ಕುರ್ದ್ ನಿರಾಶ್ರಿತರಿಗೆ ಆಸರೆ ಒದಗಿಸುವ ಕಾರ್ಯಾಚರಣೆಯಲ್ಲಿ ಅವರು ಉಪದಂಡನಾಯಕರಾಗಿದ್ದರು. ಆ ಬಳಿಕ ಸೋಮಾಲಿಯಾ. ಅಲ್ಲಿ ಕ್ಷಾಮಪೀಡಿತರಿಗೆ ಆಹಾರ ತಲುಪಿಸಲು ಹೋದ ಪಡೆ ಬಣಗಳ ಕಾಳಗದಲ್ಲಿ ಸಿಲುಕಿ, ಕೊನೆಗೆ 1995ರಲ್ಲಿ ವಿಶ್ವಸಂಸ್ಥೆಯ ಸೈನಿಕರನ್ನು ಸುರಕ್ಷಿತವಾಗಿ ಹೊರತರುವ ಹೊಣೆಯೂ ಅವರ ಹೆಗಲಿಗೇ ಬಿತ್ತು. 1997ರ ಆಗಸ್ಟ್‌ನಿಂದ 2000ದವರೆಗೆ ಅವರು ಸೆಂಟ್ರಲ್ ಕಮಾಂಡ್‌ನ ಮುಖ್ಯಸ್ಥರು. ಅಂದರೆ ಈಜಿಪ್ಟ್‌ನಿಂದ ಪಾಕಿಸ್ತಾನದವರೆಗಿನ ಭೂಭಾಗದಲ್ಲಿ ಅಮೆರಿಕದ ಸೇನಾ ಶಕ್ತಿಯೆಲ್ಲವೂ ಅವರ ಅಧೀನ. ದೊರೆಗಳು, ಅಧ್ಯಕ್ಷರು, ಸೇನಾ ಮುಖ್ಯಸ್ಥರು ಅವರ ಪರಿಚಿತ ವಲಯದಲ್ಲಿದ್ದರು.

ನಮ್ಮ ದೇಶದ ಚರಿತ್ರೆಯಲ್ಲೂ ಅವರ ಹೆಜ್ಜೆಗುರುತೊಂದಿದೆ. 1999ರ ಕಾರ್ಗಿಲ್ ಯುದ್ಧದ ಕಾವು ಏರಿದ್ದ ಜೂನ್ ತಿಂಗಳ ಕೊನೆಯ ವಾರದಲ್ಲಿ ಅಧ್ಯಕ್ಷ ಕ್ಲಿಂಟನ್ ಇಸ್ಲಾಮಾಬಾದಿಗೆ ಕಳುಹಿಸಿದ್ದು ಇದೇ ಝಿನ್ನಿಯವರನ್ನು. ನವಾಝ್ ಶರೀಫ್ ಮತ್ತು ಜನರಲ್ ಮುಶರ್ರಫ್ ಇಬ್ಬರನ್ನೂ ಭೇಟಿಯಾಗಿ, ನಿಯಂತ್ರಣ ರೇಖೆ ದಾಟಿದ ಪಡೆಗಳು ಹಿಂದಿರುಗಲೇಬೇಕೆಂದು ಅವರು ಒತ್ತಡ ಹೇರಿದರು. ಜುಲೈ 4ರಂದು ಶರೀಫ್ ವಾಷಿಂಗ್ಟನ್‌ಗೆ ಧಾವಿಸಿ ಪಡೆಗಳನ್ನು ಹಿಂದೆಗೆಯಲು ಒಪ್ಪಿಕೊಂಡ ಬೆಳವಣಿಗೆಯ ಹಿಂದೆ ಈ ಭೇಟಿಯ ಪಾಲೂ ಇತ್ತು.

ಹಾಗೆಂದು ಅವರನ್ನು ಶಾಂತಿದೂತನೆಂದು ಕೊಂಡಾಡುವ ಅಗತ್ಯವಿಲ್ಲ. 1998ರ ಡಿಸೆಂಬರ್‌ನಲ್ಲಿ, ರಮಝಾನ್ ತಿಂಗಳು ಹೊಸ್ತಿಲಲ್ಲಿದ್ದಾಗ, ನಾಲ್ಕು ರಾತ್ರಿಗಳ ಕಾಲ ಇರಾಕಿನ ಮೇಲೆ ಬಾಂಬು, ಕ್ಷಿಪಣಿಗಳ ಮಳೆ ಸುರಿಸಿದ ಕಾರ್ಯಾಚರಣೆಯ ನೇತೃತ್ವ ಅವರದೇ ಆಗಿತ್ತು. ಆರ್ಥಿಕ ದಿಗ್ಬಂಧನದಿಂದ ಇರಾಕಿನ ಆಸ್ಪತ್ರೆಗಳಲ್ಲಿ ಔಷಧಿಯಿಲ್ಲದೆ ಮಕ್ಕಳು ನರಳುತ್ತಿದ್ದ ವರ್ಷಗಳಲ್ಲಿ ಆ ವ್ಯವಸ್ಥೆಗೆ ಕಾವಲು ನಿಂತ ಪಡೆಗಳು ಅವರ ಆಜ್ಞೆಯಲ್ಲಿದ್ದವು. ಇದನ್ನು ಮರೆಯುವಂತಿಲ್ಲ. ಆದರೆ ಅದೇ ಅನುಭವದಿಂದ ಅವರು ಒಂದು ಪಾಠ ಕಲಿತರು. ಸದ್ದಾಂ ಉರುಳಿದರೆ ಆ ಬಳಿಕ ಏನಾದೀತು ಎಂಬ ಪ್ರಶ್ನೆಯನ್ನು ಅವರು ಗಂಭೀರವಾಗಿ ಎತ್ತಿಕೊಂಡರು. 1999ರಲ್ಲಿ 'ಡೆಸರ್ಟ್ ಕ್ರಾಸಿಂಗ್' ಎಂಬ ಹೆಸರಿನಲ್ಲಿ ಸೇನೆ, ವಿದೇಶಾಂಗ ಇಲಾಖೆ ಮತ್ತು ಗುಪ್ತಚರ ವಿಭಾಗದ ಅಧಿಕಾರಿಗಳನ್ನು ಕೂಡಿಸಿ ಯುದ್ಧದ ಅಣಕು ಲೆಕ್ಕಾಚಾರ ನಡೆಸಿದರು. ಇರಾಕನ್ನು ಹಿಡಿತದಲ್ಲಿಡಲು ಸುಮಾರು 4 ಲಕ್ಷ ಸೈನಿಕರು ಬೇಕಾದೀತು, ಅಷ್ಟಿದ್ದರೂ ಪಂಥ, ಜನಾಂಗಗಳ ಒಡಕಿನಿಂದ ದೇಶ ಛಿದ್ರವಾಗುವ ಅಪಾಯ ತಪ್ಪದು ಎಂಬುದು ಅದರ ಸಾರ. 2003ರಲ್ಲಿ ಅಮೆರಿಕ ಅದರ ಅರ್ಧಕ್ಕಿಂತಲೂ ಕಡಿಮೆ ಸೈನಿಕರೊಂದಿಗೆ ನುಗ್ಗಿತು. ಯುದ್ಧಕ್ಕೆ ಮುನ್ನ ಝಿನ್ನಿ ತಮ್ಮ ಹಳೆಯ ಕಚೇರಿಗೆ ಕರೆ ಮಾಡಿ, ಆ ವರದಿಯನ್ನೊಮ್ಮೆ ತೆರೆದು ನೋಡಿ ಎಂದಾಗ ಸಿಕ್ಕ ಉತ್ತರ, ಅಂಥದ್ದೊಂದು ವರದಿಯ ಹೆಸರನ್ನೇ ತಾವು ಕೇಳಿಲ್ಲ ಎಂಬುದು. 2006ರಲ್ಲಿ ಆ ದಾಖಲೆ ಬಹಿರಂಗವಾಗುವ ಹೊತ್ತಿಗೆ ಬಗ್ದಾದ್‌ನ ಶವಾಗಾರಗಳಲ್ಲಿ ಜಾಗವಿರಲಿಲ್ಲ.

ನಿವೃತ್ತಿಯಾದ ಕೆಲವೇ ತಿಂಗಳಲ್ಲಿ, 2000ದ ಅಕ್ಟೋಬರ್ 12ರಂದು ಏಡನ್ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ 'ಕೋಲ್' ಮೇಲೆ ದಾಳಿ ನಡೆದು 17 ನಾವಿಕರು ಸತ್ತರು. ಅಲ್ಲಿ ಇಂಧನ ತುಂಬಿಸುವ ತೀರ್ಮಾನ ತನ್ನದೇ, ಹೊಣೆಯನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ ಎಂದು ಸೆನೆಟ್ ಸಮಿತಿಯ ಮುಂದೆ ಝಿನ್ನಿ ಒಪ್ಪಿಕೊಂಡರು. ಅಧಿಕಾರದಲ್ಲಿರುವಾಗಲೇ ಹೊಣೆ ಜಾರಿಸುವವರ ನಡುವೆ, ಅಧಿಕಾರ ಬಿಟ್ಟ ಮೇಲೆ ಹೊಣೆ ಹೊತ್ತವರು ಇವರು.

2001ರ ನವೆಂಬರ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಅವರನ್ನು ಫೆಲೆಸ್ತೀನ್–ಇಸ್ರೇಲ್ ಮಧ್ಯಸ್ಥಿಕೆಗೆ ಕಳುಹಿಸಿದರು. ಝಿನ್ನಿ ಕಾಲಿಡುವ ಮೂರು ದಿನ ಮೊದಲು ಇಸ್ರೇಲ್ ಹಮಾಸ್ ನಾಯಕ ಮಹ್ಮೂದ್ ಅಬೂ ಹನೂದ್‌ರನ್ನು ಹತ್ಯೆ ಮಾಡಿತ್ತು. ಅದರ ಬೆನ್ನಿಗೇ ಜೆರುಸಲೇಮ್ ಮತ್ತು ಹೈಫಾಗಳಲ್ಲಿ ಆತ್ಮಾಹುತಿ ಸ್ಫೋಟಗಳಾಗಿ ನಾಗರಿಕರು ಬಲಿಯಾದರು. ಜನವರಿಯ ಭೇಟಿಯ ಗತಿಯೂ ಇದೇ ಆಯಿತು. ಮೂರನೆಯ ಬಾರಿ, 2002ರ ಮಾರ್ಚ್‌ನಲ್ಲಿ ಮಾತುಕತೆ ಒಂದು ಹಂತಕ್ಕೆ ಬರುತ್ತಿದ್ದಂತೆಯೇ ನೆತಾನ್ಯಾದ ಹೊಟೇಲಿನಲ್ಲಿ ಹಬ್ಬದೂಟಕ್ಕೆ ಕುಳಿತಿದ್ದ 30 ಮಂದಿ ಸ್ಫೋಟಕ್ಕೆ ಬಲಿಯಾದರು. ಎರಡೇ ದಿನಗಳಲ್ಲಿ ಶರೋನ್‌ರ ಟ್ಯಾಂಕುಗಳು ಪಶ್ಚಿಮ ದಂಡೆಯ ನಗರಗಳಿಗೆ ನುಗ್ಗಿದವು, ಜೆನಿನ್ ನಿರಾಶ್ರಿತ ಶಿಬಿರದ ಮನೆಗಳು ನೆಲಸಮವಾದವು. ರಾಮಲ್ಲಾದಲ್ಲಿ ಮುತ್ತಿಗೆಗೊಳಗಾಗಿದ್ದ ಅರಫಾತ್‌ರನ್ನು ಕಾಣಲು ಹೋದ ಝಿನ್ನಿ ಬರಿಗೈಯಲ್ಲಿ ಮರಳಿದರು. ಬೆನ್ನ ಹಿಂದಿರುವ ಸರಕಾರವೇ ಪಕ್ಷಪಾತಿಯಾಗಿರುವಾಗ ಮಧ್ಯಸ್ಥನೊಬ್ಬ ಎಷ್ಟೇ ಪ್ರಾಮಾಣಿಕನಾಗಿದ್ದರೂ ಏನು ಮಾಡಿಯಾನು?

ಇದೇ ಅವಧಿಯಲ್ಲಿ ಅವರು ಜಿನೀವಾದ ಹೆನ್ರಿ ಡ್ಯೂನಾಂಟ್ ಕೇಂದ್ರದ ಪರವಾಗಿ ಇಂಡೋನೇಶ್ಯಾದ ಅಚೆ ಪ್ರಾಂತದ ಬಂಡುಕೋರರು ಮತ್ತು ಸರಕಾರದ ನಡುವಿನ ಮಾತುಕತೆಯಲ್ಲೂ ಭಾಗಿಯಾದರು. 2002ರ ಡಿಸೆಂಬರ್ 9ರಂದು ಕದನವಿರಾಮಕ್ಕೆ ಸಹಿಯೂ ಬಿತ್ತು. ಐದು ತಿಂಗಳಲ್ಲಿ ಅದು ಮುರಿದು ಬಿತ್ತು. ಅಚೆಗೆ ಶಾಂತಿ ಬಂದದ್ದು ತ್ಸುನಾಮಿಯ ಬಳಿಕ, 2005ರಲ್ಲಿ, ಬೇರೆಯವರ ಮಧ್ಯಸ್ಥಿಕೆಯಿಂದ.

ಇರಾಕ್ ಯುದ್ಧಕ್ಕೆ ಮೊದಲು ಅವರು ತಾಳಿದ ನಿಲುವು ನಿಜಕ್ಕೂ ಮೆಚ್ಚತಕ್ಕದ್ದು. 2002ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಮಿಡ್ಲ್ ಈಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಮಾತನಾಡುತ್ತಾ, ಆ ಪ್ರದೇಶದಲ್ಲಿ ಅಮೆರಿಕ ಮೊದಲು ಮಾಡಬೇಕಾದದ್ದು ಫೆಲೆಸ್ತೀನ್ ಶಾಂತಿಯ ಕೆಲಸವೆಂದೂ ಇರಾಕಿನ ಸರದಿ ಬಹಳ ಕೆಳಗಿದೆಯೆಂದೂ ಹೇಳಿದರು. ರಣರಂಗ ಕಂಡ ಸೇನಾಧಿಕಾರಿಗಳು ಯುದ್ಧ ಬೇಡವೆನ್ನುತ್ತಿರುವಾಗ ಒಂದು ಗುಂಡೂ ಹಾರಿಸದವರು ಯುದ್ಧಕ್ಕೆ ಹಾತೊರೆಯುತ್ತಿದ್ದಾರೆಂದು ಕುಟುಕಿದರು. ಪರಿಣಾಮವಾಗಿ ಆ ಸರಕಾರದ ಬಾಗಿಲು ಅವರಿಗೆ ಮುಚ್ಚಿತು. 2006ರ ಏಪ್ರಿಲ್‌ನಲ್ಲಿ ರಮ್ಸ್‌ಫೆಲ್ಡ್ ರಾಜೀನಾಮೆ ಕೇಳಿದ ನಿವೃತ್ತ ಜನರಲ್‌ಗಳ ಸಾಲಿನಲ್ಲೂ ಅವರಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸೊಗಸಾದ ವ್ಯಕ್ತಿಚಿತ್ರವಾಗುತ್ತಿತ್ತು. ನಿಲ್ಲಿಸುವಂತಿಲ್ಲ.

2007ರ ಹೊತ್ತಿಗೆ ಝಿನ್ನಿ 'ಡೈನ್‌ಕಾರ್ಪ್' ಎಂಬ ಗುತ್ತಿಗೆ ಕಂಪೆನಿಯ ಕಾರ್ಯಕಾರಿ ಉಪಾಧ್ಯಕ್ಷರಾಗಿದ್ದರು. ಇರಾಕಿನಲ್ಲಿ ಪೊಲೀಸರಿಗೆ ತರಬೇತಿ ನೀಡುವ ದೊಡ್ಡ ಗುತ್ತಿಗೆ ಹಿಡಿದಿದ್ದ ಕಂಪೆನಿಯದು. ಅದೇ 2007ರಲ್ಲಿ ಇರಾಕ್ ಪುನರ್ನಿರ್ಮಾಣದ ಲೆಕ್ಕ ತಪಾಸಣೆಗೆ ನೇಮಕವಾಗಿದ್ದ ಅಮೆರಿಕದ ವಿಶೇಷ ಇನ್‌ಸ್ಪೆಕ್ಟರ್ ಜನರಲ್ ಕಚೇರಿ, ಈ ಗುತ್ತಿಗೆಗೆ ಸಂದ ಸುಮಾರು 120 ಕೋಟಿ ಡಾಲರ್‌ಗಳಲ್ಲಿ ಏನೇನು ಕೊಳ್ಳಲಾಯಿತೆಂಬುದಕ್ಕೆ ವಿದೇಶಾಂಗ ಇಲಾಖೆಯ ಬಳಿ ಸರಿಯಾದ ಲೆಕ್ಕವೇ ಇಲ್ಲವೆಂದು ವರದಿ ಮಾಡಿತು. ಬಳಕೆಯಾಗದ ವಸತಿ ಶಿಬಿರಕ್ಕೆ ಕೋಟ್ಯಂತರ ಡಾಲರ್, ಅದರ ಜತೆಗೆ ಅನುಮತಿಯಿಲ್ಲದ ಈಜುಕೊಳ! ಝಿನ್ನಿಯವರ ಮೇಲೆ ವೈಯಕ್ತಿಕವಾಗಿ ಯಾವ ಆರೋಪವೂ ಇರಲಿಲ್ಲ ಎಂಬುದನ್ನು ನಾವು ಸ್ಪಷ್ಟಪಡಿಸಬೇಕು. ಆದರೆ ಯಾವ ಯುದ್ಧ ಬೇಡವೆಂದು ಕೂಗಿ ಹೇಳಿದ್ದರೋ ಅದೇ ಯುದ್ಧದ ಅವಶೇಷಗಳ ಮೇಲೆ ಬದುಕುವ ಕಂಪೆನಿಯಲ್ಲಿ ಅವರಿಗೆ ಉನ್ನತ ಹುದ್ದೆ ದೊರೆತಿತ್ತು.

2009ರ ಜನವರಿಯಲ್ಲಿ ನಡೆದ ಘಟನೆಯೊಂದು ಸ್ವಾರಸ್ಯಕರವಾಗಿದೆ. ಒಬಾಮಾ ಸರಕಾರ ಝಿನ್ನಿಯವರಿಗೆ ಬಗ್ದಾದಿನ ರಾಯಭಾರಿ ಹುದ್ದೆ ನೀಡುವುದಾಗಿ ತಿಳಿಸಿತು. ಹಿಲರಿ ಕ್ಲಿಂಟನ್ ಕರೆಸಿ ಮಾತನಾಡಿದರು, ಉಪಾಧ್ಯಕ್ಷ ಬೈಡನ್ ಅಭಿನಂದಿಸಿದರು. ಬಳಿಕ ದಿನಗಳು ಕಳೆದರೂ ಸುದ್ದಿಯಿಲ್ಲ. ಕೊನೆಗೆ ತಾವಾಗಿಯೇ ವಿಚಾರಿಸಿದಾಗ ಆ ಹುದ್ದೆ ಕ್ರಿಸ್ಟೊಫರ್ ಹಿಲ್ ಎಂಬ ರಾಜತಾಂತ್ರಿಕರ ಪಾಲಾಗಿದೆಯೆಂದು ತಿಳಿಯಿತು. ಸಮಾಧಾನಕ್ಕೆಂದು ಸೌದಿ ಅರೇಬಿಯಾದ ರಾಯಭಾರ ನೀಡಲು ಮುಂದಾದಾಗ ಝಿನ್ನಿ ಅದನ್ನು ಸಿಟ್ಟಿನಿಂದಲೇ ತಿರಸ್ಕರಿಸಿದರು. ಮದುವೆ ನಿಶ್ಚಯವಾದ ಮನೆಗೆ ಹೇಳದೆ ಕೇಳದೆ ಸಂಬಂಧ ಮುರಿದು, ಬಳಿಕ ಬೇರೆ ವರನನ್ನು ತೋರಿಸಿದಂತಿತ್ತು ಆ ನಡೆ.

ಸರಕಾರಕ್ಕೆ ಬೇಡವಾದವರು ಶಸ್ತ್ರೋದ್ಯಮಕ್ಕೆ ಬೇಕಾದರು. ಅದೇ 2009ರಲ್ಲಿ ಅವರು ಬ್ರಿಟನ್ ಮೂಲದ ದೈತ್ಯ ಶಸ್ತ್ರಾಸ್ತ್ರ ಕಂಪೆನಿ 'ಬಿಎಇ ಸಿಸ್ಟಮ್ಸ್'ನ ಅಮೆರಿಕದ ಘಟಕದ ನಿರ್ದೇಶಕ ಮಂಡಳಿಗೆ ಅಧ್ಯಕ್ಷರಾದರು. ಈ ಕಂಪೆನಿ ಯಾವುದೆಂದು ಓದುಗರಿಗೆ ನೆನಪಿರಬಹುದು. 1980ರ ದಶಕದಲ್ಲಿ ಸೌದಿ ಅರೇಬಿಯಾಕ್ಕೆ ಯುದ್ಧವಿಮಾನಗಳನ್ನು ಮಾರಿದ 'ಅಲ್ ಯಮಾಮ' ಒಪ್ಪಂದದಲ್ಲಿ ಲಂಚದ ಆರೋಪ ಕೇಳಿಬಂದು ಬ್ರಿಟನ್‌ನಲ್ಲಿ ತನಿಖೆ ನಡೆಯುತ್ತಿತ್ತು. 2006ರ ಡಿಸೆಂಬರ್‌ನಲ್ಲಿ ಟೋನಿ ಬ್ಲೇರ್ ಸರಕಾರ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಆ ತನಿಖೆಗೆ ತೆರೆ ಎಳೆಸಿತು. ಆದರೆ ಅಮೆರಿಕದ ನ್ಯಾಯ ಇಲಾಖೆ ಬಿಡಲಿಲ್ಲ. 2010ರ ಮಾರ್ಚ್‌ನಲ್ಲಿ ಬಿಎಇ ಅಮೆರಿಕದ ನ್ಯಾಯಾಲಯದಲ್ಲಿ, ಲಂಚ ತಡೆಯ ವ್ಯವಸ್ಥೆ ತನ್ನಲ್ಲಿದೆಯೆಂದು ಸುಳ್ಳು ಹೇಳಿದ್ದೂ ಸೇರಿದಂತೆ ತಪ್ಪೊಪ್ಪಿಕೊಂಡು 40 ಕೋಟಿ ಡಾಲರ್ ದಂಡ ತೆತ್ತಿತು. ಇದೆಲ್ಲವೂ ಝಿನ್ನಿ ಬರುವ ಮೊದಲಿನ ಪಾಪ. ಆ ಪಾಪದ ಲೆಕ್ಕ ಚುಕ್ತವಾಗುವಾಗ ಅಮೆರಿಕದ ಘಟಕದ ತಲೆಯ ಸ್ಥಾನದಲ್ಲಿ ಕೂರಿಸಲು ಒಂದು ಕಳಂಕರಹಿತ ಹೆಸರು ಕಂಪೆನಿಗೆ ಬೇಕಿತ್ತೇ ಎಂಬ ಪ್ರಶ್ನೆ ಏಳುವುದು ಸಹಜ.

ಇನ್ನು 2014. ಐಸಿಸ್ ಮೂಸಲ್ ನಗರವನ್ನು ವಶಪಡಿಸಿಕೊಂಡು ಇರಾಕ್ ಮತ್ತೆ ಹೊತ್ತಿ ಉರಿಯುತ್ತಿತ್ತು. ಅಮೆರಿಕದ ಟಿ.ವಿ. ಚಾನೆಲ್‌ಗಳಲ್ಲಿ ನಿವೃತ್ತ ಜನರಲ್‌ಗಳ ಮೆರವಣಿಗೆ. ಅವರಲ್ಲಿ ಝಿನ್ನಿಯೂ ಒಬ್ಬರು. ಈ ಬಾರಿ ಅವರ ಮಾತು ಬೇರೆಯಾಗಿತ್ತು. ಬರೇ ವೈಮಾನಿಕ ದಾಳಿ ಸಾಲದು, ಅಮೆರಿಕದ ಎರಡು ಬ್ರಿಗೇಡ್‌ಗಳು ನೆಲಕ್ಕಿಳಿದರೆ ಐಸಿಸನ್ನು ಸಿರಿಯಾಕ್ಕೆ ಅಟ್ಟಬಹುದೆಂದು ಅವರು ಹೇಳತೊಡಗಿದರು. ಇಂಥ ಜನರಲ್‌ಗಳಲ್ಲಿ ಯಾರ್ಯಾರು ಯಾವ ಶಸ್ತ್ರ ಕಂಪೆನಿಯ ಮಂಡಳಿಯಲ್ಲಿದ್ದಾರೆಂದು 'ದಿ ನೇಷನ್' ಪತ್ರಿಕೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಪಟ್ಟಿ ಮಾಡಿತು. ಬಿಎಇ ಜತೆಗಿನ ನಂಟಿನ ಕಾರಣಕ್ಕೆ ಝಿನ್ನಿಯವರ ಹೆಸರೂ ಅದರಲ್ಲಿತ್ತು. ವೀಕ್ಷಕರಿಗೆ ಚಾನೆಲ್‌ಗಳು ತೋರಿಸಿದ್ದು ಅವರ ಹಳೆಯ ಸೇನಾ ಹುದ್ದೆಯನ್ನು ಮಾತ್ರ.

ಅವರು ಹಣಕ್ಕಾಗಿ ಹಾಗೆ ಹೇಳಿದರೆಂದು ನಾವು ಹೇಳುವುದಿಲ್ಲ, ಹಾಗೆ ಹೇಳಲು ನಮ್ಮ ಬಳಿ ಆಧಾರವೂ ಇಲ್ಲ. ಐಸಿಸ್‌ನ ಪೈಶಾಚಿಕತೆ ಕಂಡು ಪ್ರಾಮಾಣಿಕವಾಗಿಯೇ ಆ ಅಭಿಪ್ರಾಯಕ್ಕೆ ಬಂದಿರಬಹುದು. ಸಮಸ್ಯೆ ಇರುವುದೂ ಅಲ್ಲಿಯೇ. ಮದ್ರಸಾದಲ್ಲಿ ಫಿಕ್‌ಹ್ ಓದುವಾಗ ಸಾಕ್ಷ್ಯದ ಅಧ್ಯಾಯದಲ್ಲಿ ನಮಗೆ ಕಲಿಸಿದ ಒಂದು ನಿಯಮ ನೆನಪಾಗುತ್ತದೆ. ಯಾವ ಸಾಕ್ಷ್ಯದಿಂದ ಸಾಕ್ಷಿದಾರನಿಗೇ ಲಾಭ ಒದಗುವುದೋ ಆ ಸಾಕ್ಷ್ಯವನ್ನು ಕಾಝಿ ಸ್ವೀಕರಿಸುವುದಿಲ್ಲ. ಸಾಕ್ಷಿದಾರ ಸುಳ್ಳುಗಾರನೆಂದು ಇದರರ್ಥವಲ್ಲ. ಆತ ಐದು ಹೊತ್ತಿನ ನಮಾಝಿಯಾಗಿರಬಹುದು, ಊರಿಗೇ ಸತ್ಯವಂತನಾಗಿರಬಹುದು. ಆದರೂ ಆ ಮೊಕದ್ದಮೆಯಲ್ಲಿ ಅವನ ಮಾತು ತೂಕಕ್ಕೆ ಬರುವುದಿಲ್ಲ. ಆಗ ಬಾಲಕರಾಗಿದ್ದ ನಮಗೆ ಇದು ಅನ್ಯಾಯವೆನಿಸಿತ್ತು. ಝಿನ್ನಿಯವರಂಥವರ ಚರಿತ್ರೆ ಓದುವಾಗ ನಿಯಮದ ಹಿಂದಿನ ವಿವೇಕ ಅರ್ಥವಾಗುತ್ತದೆ. 2002ರಲ್ಲಿ ಅವರ ಸಾಕ್ಷ್ಯಕ್ಕೆ ಚಿನ್ನದ ತೂಕವಿತ್ತು. ಯುದ್ಧ ಬೇಡವೆಂದು ಹೇಳುವುದರಿಂದ ಅವರಿಗೆ ನಷ್ಟವಲ್ಲದೆ ಲಾಭವಿರಲಿಲ್ಲ. 2014ರಲ್ಲಿ ಅದೇ ಮನುಷ್ಯ, ಅದೇ ಅನುಭವ, ಬಹುಶಃ ಅದೇ ಪ್ರಾಮಾಣಿಕತೆ. ಆದರೆ ಅವರು ಸಂಬಂಧವಿಟ್ಟುಕೊಂಡ ಮನೆ, ಸೈನಿಕರು ನೆಲಕ್ಕಿಳಿದರೆ ಆದಾಯ ಹೆಚ್ಚಿಸಿಕೊಳ್ಳುವ ಮನೆ.

ನ್ಯಾಯವಾಗಿ ಹೇಳುವುದಾದರೆ ಇದಕ್ಕೆ ಅಪವಾದಗಳೂ ಇವೆ. ವಾಯುಸೇನೆಯ ನಿವೃತ್ತ ಲೆಫ್ಟಿನೆಂಟ್ ಜನರಲ್ ಬ್ರೆಂಟ್ ಸ್ಕೌಕ್ರಾಫ್ಟ್ ಹಿರಿಯ ಬುಶ್‌ರ ಭದ್ರತಾ ಸಲಹೆಗಾರರಾಗಿದ್ದವರು, ಬಳಿಕ ತಮ್ಮದೇ ಸಲಹಾ ಕಂಪೆನಿ ಕಟ್ಟಿದವರು. ನ್ಯಾಶ್‌ವಿಲ್ ಸಮಾವೇಶಕ್ಕೆ 11 ದಿನ ಮೊದಲು, 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆಯಲ್ಲಿ ಸದ್ದಾಂ ಮೇಲೆ ದಾಳಿ ಬೇಡವೆಂದು ಬಹಿರಂಗ ಲೇಖನ ಬರೆದರು. ಬರೆದು, ಕಿರಿಯ ಬುಶ್ ಸರಕಾರದ ಅವಕೃಪೆಗೆ ಪಾತ್ರರಾದರು. ಹಾಗಾಗಿ ಸಲಹಾ ವ್ಯಾಪಾರ ನಡೆಸುವವರೆಲ್ಲ ಮಾರಿಕೊಂಡವರೆಂದು ಒಂದೇ ಏಟಿಗೆ ತೀರ್ಪು ಕೊಡುವುದು ಸರಿಯಲ್ಲ.

ಆದರೆ ಅಪವಾದಗಳ ಆಚೆಗೆ ಒಂದು ವ್ಯವಸ್ಥೆಯಿದೆ. ಅದರ ಬಗ್ಗೆ ಮೊದಲು ಎಚ್ಚರಿಸಿದ್ದೂ ಒಬ್ಬ ನಿವೃತ್ತ ಸೇನಾನಿಯೇ. ಅಧ್ಯಕ್ಷ ಐಸೆನ್‌ಹೋವರ್ 1961ರ ಜನವರಿ 17ರ ವಿದಾಯ ಭಾಷಣದಲ್ಲಿ ಸೇನೆ ಮತ್ತು ಶಸ್ತ್ರೋದ್ಯಮದ ಕೂಟ ಪ್ರಜಾಪ್ರಭುತ್ವಕ್ಕೆ ಅಪಾಯವೆಂದಿದ್ದನ್ನು ರಾಜ್ಯಶಾಸ್ತ್ರದ ಪ್ರತಿ ಪಠ್ಯಪುಸ್ತಕವೂ ಹೇಳುತ್ತದೆ. ನಾವೂ ಪದವಿ ಪರೀಕ್ಷೆಗೆ ಅದನ್ನು ಉರು ಹೊಡೆದವರೇ. ಐವತ್ತು ವರ್ಷಗಳ ಬಳಿಕ ಪರಿಸ್ಥಿತಿ ಎಲ್ಲಿಗೆ ಮುಟ್ಟಿತೆಂದರೆ, 2010ರಲ್ಲಿ 'ಬೋಸ್ಟನ್ ಗ್ಲೋಬ್' ನಡೆಸಿದ ತನಿಖೆಯ ಪ್ರಕಾರ 2004ರಿಂದ 2008ರ ನಡುವೆ ನಿವೃತ್ತರಾದ ಅಮೆರಿಕದ ಮೂರು ಮತ್ತು ನಾಲ್ಕು ನಕ್ಷತ್ರಗಳ ಜನರಲ್, ಅಡ್ಮಿರಲ್‌ಗಳಲ್ಲಿ ಶೇ. 80 ಮಂದಿ ರಕ್ಷಣಾ ಕಂಪೆನಿಗಳ ಸಲಹೆಗಾರರೋ ಅಧಿಕಾರಿಗಳೋ ಆದರು. ಒಂದು ದಶಕದ ಹಿಂದೆ ಈ ಪ್ರಮಾಣ ಅರ್ಧಕ್ಕಿಂತ ಕಡಿಮೆಯಿತ್ತು. 2008ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಇನ್ನೊಂದು ಗುಟ್ಟನ್ನು ರಟ್ಟು ಮಾಡಿತ್ತು. ಟಿ.ವಿ.ಗಳಲ್ಲಿ ಸ್ವತಂತ್ರ ವಿಶ್ಲೇಷಕರೆಂದು ಕಾಣಿಸಿಕೊಳ್ಳುವ ನಿವೃತ್ತ ಅಧಿಕಾರಿಗಳಿಗೆ ಪೆಂಟಗಾನ್ ಖಾಸಗಿಯಾಗಿ ಪಾಠ ಹೇಳಿಕೊಡುತ್ತಿತ್ತು, ಅವರಲ್ಲಿ ಹಲವರಿಗೆ ಅದೇ ಪೆಂಟಗಾನ್‌ನ ಗುತ್ತಿಗೆಗಳ ಮೇಲೆ ಕಣ್ಣಿತ್ತು.

ಮುಸ್ಲಿಮ್ ದೊರೆಗಳೂ ಈ ಸಂತೆಯ ಗಿರಾಕಿಗಳು. 2022ರ ಅಕ್ಟೋಬರ್‌ನಲ್ಲಿ 'ವಾಷಿಂಗ್ಟನ್ ಪೋಸ್ಟ್' ನ್ಯಾಯಾಲಯದ ಮೂಲಕ ಹೋರಾಡಿ ಪಡೆದ ದಾಖಲೆಗಳು, 2015ರ ಬಳಿಕ 500ಕ್ಕೂ ಹೆಚ್ಚು ನಿವೃತ್ತ ಅಮೆರಿಕನ್ ಸೇನಾ ಸಿಬ್ಬಂದಿ ವಿದೇಶಿ ಸರಕಾರಗಳ ಕೆಲಸಕ್ಕೆ ಸೇರಿದ್ದನ್ನು ಬಯಲಿಗೆಳೆದವು. ಅವರಲ್ಲಿ ಹೆಚ್ಚಿನವರ ದಾರಿ ಕೊಲ್ಲಿಯ ರಾಷ್ಟ್ರಗಳ ಕಡೆಗೆ. ಸೌದಿ ರಕ್ಷಣಾ ಸಚಿವಾಲಯವೊಂದಕ್ಕೇ 2016ರ ಬಳಿಕ 15 ಮಂದಿ ನಿವೃತ್ತ ಜನರಲ್, ಅಡ್ಮಿರಲ್‌ಗಳು ಸಂಬಳದ ಸಲಹೆಗಾರರಾದರು. 2018ರಲ್ಲಿ ಪತ್ರಕರ್ತ ಜಮಾಲ್ ಖಶೋಗಿ ಇಸ್ತಾಂಬುಲ್‌ನಲ್ಲಿ ಕೊಲೆಯಾದ ಮೇಲೂ ಈ ಸೇವೆ ನಿಲ್ಲಲಿಲ್ಲ. ಯಮನ್‌ನ ಮನೆಗಳ ಮೇಲೆ ಬಾಂಬು ಬೀಳುತ್ತಿದ್ದ ವರ್ಷಗಳೂ ಇವೇ. ಬಾಂಬು ಮಾರುವವರನ್ನು ಮಾತ್ರ ಶಪಿಸಿ, ತೈಲದ ಹಣದಿಂದ ಅದನ್ನು ಕೊಳ್ಳುವವರ ಬಗ್ಗೆ ಮೌನವಾಗಿರುವುದು ನಮ್ಮ ಸಮುದಾಯದ ಹಳೆಯ ಚಾಳಿ.

ನಿಯಮಗಳಿಲ್ಲವೆಂದಲ್ಲ. 2017ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಉನ್ನತ ಜನರಲ್‌ಗಳು ನಿವೃತ್ತಿಯ ಬಳಿಕ ಎರಡು ವರ್ಷ ಪೆಂಟಗಾನ್ ಮುಂದೆ ಲಾಬಿ ನಡೆಸುವಂತಿಲ್ಲವೆಂದು ಕಾನೂನು ಮಾಡಿತು. ಆದರೆ ಕಂಪೆನಿಯ ಮಂಡಳಿಯಲ್ಲಿ ಕೂರಲು ಅಡ್ಡಿಯಿಲ್ಲ, ಟಿ.ವಿ.ಯಲ್ಲಿ ಮಾತನಾಡಲೂ ಅಡ್ಡಿಯಿಲ್ಲ.

ನಮ್ಮಲ್ಲೂ ಸಂಜೆಯಾದರೆ ಚಾನೆಲ್‌ಗಳ ಚರ್ಚೆಯಲ್ಲಿ ಮೀಸೆ ತಿರುವುವ ನಿವೃತ್ತ ಅಧಿಕಾರಿಗಳಿಗೆ ಬರವಿಲ್ಲ. 2019ರ ಪುಲ್ವಾಮಾ ದಾಳಿಯ ಬಳಿಕ, 2025ರ ಮೇ ತಿಂಗಳ ಸಿಂದೂರ ಕಾರ್ಯಾಚರಣೆಯ ದಿನಗಳಲ್ಲಿ ನಮ್ಮ ಮನೆಗಳ ಹಿರಿಯರೂ ಮಕ್ಕಳೂ ಅವರ ಮಾತನ್ನೇ ಕೇಳುತ್ತಾ ಕುಳಿತರು. ಅವರೆಲ್ಲ ಯಾವುದೋ ಕಂಪೆನಿಯ ಸಂಬಳದಲ್ಲಿದ್ದಾರೆಂದು ನಾವು ಆರೋಪಿಸುತ್ತಿಲ್ಲ. ಇವರಲ್ಲಿ ಗಡಿ ಕಾದು ಗಾಯಗೊಂಡವರಿದ್ದಾರೆ, ಯುದ್ಧೋನ್ಮಾದ ಬೇಡವೆಂದು ಧೈರ್ಯದಿಂದ ಹೇಳಿದವರೂ ಇದ್ದಾರೆ. ಆದರೆ ಪರದೆಯ ಕೆಳಗೆ ಹೆಸರಿನೊಂದಿಗೆ ಮಾಜಿ ಹುದ್ದೆಯನ್ನು ಮಾತ್ರವಲ್ಲ, ಹಾಲಿ ಉದ್ಯೋಗವನ್ನೂ ಬರೆಯಲು ಚಾನೆಲ್‌ಗಳಿಗೆ ಏನು ಕಷ್ಟ? ಸಂಬಂಧವೇನೂ ಇಲ್ಲದವರಿಗೆ ಇದರಿಂದ ಗೌರವ ಹೆಚ್ಚುವುದೇ ಹೊರತು ಕುಂದದು.

ಝಿನ್ನಿಯವರ ಕೊನೆಯ ದೊಡ್ಡ ಕಾರ್ಯಭಾರಕ್ಕೆ ಬರೋಣ. 2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹ್ರೈನ್ ಮತ್ತು ಈಜಿಪ್ಟ್ ಸೇರಿ ಕತರ್‌ಗೆ ದಿಗ್ಬಂಧನ ಹೇರಿದವು. ಅದೂ ರಮಝಾನ್ ತಿಂಗಳಲ್ಲಿ. ಗಡಿಯ ಎರಡೂ ಕಡೆಗಳಲ್ಲಿ ಸಂಬಂಧಿಕರಿದ್ದ ಕುಟುಂಬಗಳು ಒಡೆದವು, ಅಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಯುವಕರು ವಿಮಾನ ಟಿಕೇಟಿಗಾಗಿ ಪರದಾಡಿದರು. ಆಗಸ್ಟ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ರೆಕ್ಸ್ ಟಿಲ್ಲರ್ಸನ್ 70 ದಾಟಿದ್ದ ಝಿನ್ನಿಯವರನ್ನು ಮತ್ತೆ ಕರೆದು ಮಧ್ಯಸ್ಥಿಕೆಗೆ ಕಳುಹಿಸಿದರು. ಆ ಅರಮನೆಗಳ ಬಾಗಿಲು ಅವರಿಗೆ ಪರಿಚಿತ. ಒಂದೂವರೆ ವರ್ಷ ಓಡಾಡಿ, ವಿವಾದ ಬಗೆಹರಿಸುವ ಇಚ್ಛೆ ಅಲ್ಲಿನ ನಾಯಕರಿಗೇ ಇಲ್ಲವೆಂದು ಹೇಳಿ 2019ರ ಜನವರಿಯಲ್ಲಿ ಅವರು ರಾಜೀನಾಮೆ ನೀಡಿದರು. ದಿಗ್ಬಂಧನ ತೆರವಾದದ್ದು ಮತ್ತೆ ಎರಡು ವರ್ಷ ಕಳೆದು, 2021ರ ಜನವರಿಯಲ್ಲಿ, ಅಲ್ ಉಲಾ ಒಪ್ಪಂದದಿಂದ.

ಮಧ್ಯಸ್ಥರು ಬರಿಗೈಯಲ್ಲಿ ಓಡಾಡುತ್ತಿದ್ದ ಈ ಅವಧಿಯಲ್ಲಿ ಮಾರಾಟಗಾರರ ಕೈ ತುಂಬಿತ್ತು. ದಿಗ್ಬಂಧನ ಶುರುವಾದ ತಿಂಗಳಲ್ಲೇ ಕತರ್ 36 ಎಫ್-15 ವಿಮಾನಗಳಿಗಾಗಿ ಅಮೆರಿಕದೊಂದಿಗೆ ಸುಮಾರು 1,200 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿತು. ಡಿಸೆಂಬರ್‌ನಲ್ಲಿ ಬಿಎಇಯಿಂದ 24 ಟೈಫೂನ್ ಯುದ್ಧವಿಮಾನಗಳನ್ನು ಕೊಳ್ಳಲು ಒಪ್ಪಿತು. ಮೂರು ತಿಂಗಳ ಬಳಿಕ, 2018ರ ಮಾರ್ಚ್‌ನಲ್ಲಿ, ಸೌದಿಯ ಯುವರಾಜ ಲಂಡನ್‌ಗೆ ಬಂದು ಅದೇ ಬಿಎಇಯ 48 ಟೈಫೂನ್‌ಗಳಿಗೆ ಉದ್ದೇಶ ಪತ್ರ ಬರೆದುಕೊಟ್ಟರು.